ಬದಲಾವಣೆ ಇಲ್ಲ

ಐದು ಪದ ಹೇಳುತ್ತೇನೆ, ಕೇಳಿಸಿಕೋ:
ಕಂಬಳಿ, ನಿಂಬೆ, ಏಣಿ, ಬೆರಳು, ದೋಣಿ.
ಹತ್ತು ನಿಮಿಷ ಬಿಟ್ಟು ಮತ್ತೆ ಕೇಳುತ್ತೇನೆ.

ಮಾರ್ಚಿನಲ್ಲಿ, ಪಂದ್ಯಗಳು ಶುರುವಾಗುವ ಮೊದಲು,
ಇನ್ವರ್‌ಕಾರ್ಗಿಲ್‌ನ ರಗ್ಬಿ ಕ್ಲಬ್ಬಿನ ಈ ಹಿಂಗೋಣೆಗೆ
ಮೂವತ್ತೆರಡು ಹುಡುಗರು ಸಾಲಾಗಿ ಬಂದಿದ್ದರು.
ಬೂಟಿನ ಮಣ್ಣು ನನ್ನ ನೆಲಹಾಸಿಗೆ,
ಮುಲಾಮಿನ ಘಾಟು ನನ್ನ ಕಾಗದಗಳಿಗೆ.
ಏಟು ಬೀಳುವ ಮುಂಚೆ ತಲೆ ಎಷ್ಟು ಚುರುಕು
ಎಂದು ಅಳೆದಿಟ್ಟುಕೊಳ್ಳುವುದು ನನ್ನ ಕೆಲಸ,
ಹಬ್ಬಕ್ಕೆ ತಿಂಗಳಿರುವಾಗಲೇ ದರ್ಜಿ ಅಳತೆ ತೆಗೆದ ಹಾಗೆ.

ಮಾನಹಿ ಮೂರು ಹೇಳಿದ.
ತಲೆ ಕೆರೆದ, ಸೂರು ನೋಡಿದ, ತುಟಿ ಕಚ್ಚಿದ,
"ಉಳಿದದ್ದು ಹೋಯ್ತು ಡಾಕ್ಟರೇ" ಎಂದ.
ಅಂಕಿಗಳನ್ನು ಹಿಂದಿನಿಂದ ಹೇಳೆಂದರೆ
ನಾಲ್ಕಕ್ಕೇ ಎಡವಿದ.
ಬಣ್ಣ ಕಂಡೊಡನೆ ಗುಂಡಿ ಒತ್ತೆಂದರೆ
ಹಸು ಮೆಲುಕು ಹಾಕಿದಷ್ಟು ನಿಧಾನ.
ಬರೆದುಕೊಂಡೆ. ಹೋದ.
ಕಾರಿಡಾರಿನಲ್ಲಿ ಅವನದೇ ದನಿ,
ಗೆಳೆಯನ ಬೆನ್ನಿಗೆ ಗುದ್ದುತ್ತ:
"ಕಂಬಳಿ ನಿಂಬೆ ಏಣಿ ಬೆರಳು ದೋಣಿ!"
ಒಂದೇ ಉಸಿರಿಗೆ, ಮಗ್ಗಿ ಒಪ್ಪಿಸಿದ ಹಾಗೆ.
ಆಮೇಲೆ ನಗು.

ಕೇಳಿಸಿತ್ತು. ಕೇಳಿಸದವಳ ಹಾಗೆ
ಮುಂದಿನವನನ್ನು ಕರೆದೆ.
ಇನ್ನೂ ಹತ್ತೊಂಬತ್ತು ಜನ ಉಳಿದಿದ್ದರು,
ಐದಕ್ಕೆ ಮಗಳನ್ನು ಈಜುಕೊಳದಿಂದ ಕರೆತರಬೇಕಿತ್ತು.

ಲೆಕ್ಕ ಗೊತ್ತಿತ್ತು ಅವನಿಗೆ, ಹಳಬರು ಹೇಳಿಕೊಟ್ಟದ್ದು:
ಮೊದಲೇ ಕೆಳಗೆ ನಿಂತಿದ್ದರೆ
ಬಿದ್ದದ್ದು ಯಾರಿಗೂ ಕಾಣದು.

ಜುಲೈ. ದಕ್ಷಿಣದ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುತ್ತಿದೆ.
ಶನಿವಾರ ಯಾರದೋ ಮಂಡಿ ಅವನ ಕಿವಿಯ ಮೇಲಕ್ಕೆ.
ಎದ್ದನಂತೆ, ಕೈಯೆತ್ತಿ ಏನಿಲ್ಲ ಎಂದನಂತೆ,
ಎದುರಾಳಿಗಳ ಸಾಲಿಗೆ ಹೋಗಿ ನಿಂತನಂತೆ.
ಇವತ್ತು ಗುರುವಾರ. ಹೊರಗೆ ಬೆಂಚಿನ ಮೇಲೆ ತಾಯಿ ಹುಯಿಯಾ,
ಕುರಿಮಾಂಸದ ಕಾರ್ಖಾನೆಯ ಬಿಳಿ ಗಂಬೂಟಿನಲ್ಲೇ,
ಎರಡು ಗಂಟೆ ರಜೆ ಕೇಳಿ ಬಂದವಳು.

ಬೇರೆ ಪಟ್ಟಿ ಇತ್ತು. ಬೇಕೆಂದೇ ಹಳೆಯದನ್ನು ಓದಿದೆ.
ಅವನು ಮೂರು ಹೇಳಿದ.
ತಲೆ ಕೆರೆಯಲಿಲ್ಲ, ಸೂರು ನೋಡಲಿಲ್ಲ.
ಕೈ ಮೇಜಿನ ಮೇಲೆ ಅಂಗಾತ,
ಯಾರೋ ಮರೆತು ಬಿಟ್ಟುಹೋದ ಕೈಗವಸು.
ನಾಲ್ಕನೆಯದಕ್ಕೆ ಬಾಯಿ ತೆರೆಯಿತು,
ತೆರೆದೇ ಇತ್ತು.
ತಿಂಗಳುಗಳನ್ನು ಹಿಂದಿನಿಂದ ಹೇಳು.
ಡಿಸೆಂಬರ್, ನವೆಂಬರ್, ಅಕ್ಟೋಬರ್,
ಆಗಸ್ಟ್... ಅಲ್ಲ... ಅಕ್ಟೋಬರ್.

ಕಂಪ್ಯೂಟರು ಎರಡು ಗೆರೆಗಳನ್ನು ಒಂದರ ಮೇಲೊಂದಿಟ್ಟಿತು,
ಮಾರ್ಚಿನದು, ಜುಲೈನದು.
ಕೂದಲೆಳೆಯ ಅಂತರವೂ ಇಲ್ಲ.
ಹಸಿರು ಅಕ್ಷರ: ಬದಲಾವಣೆ ಇಲ್ಲ. ಆಡಬಹುದು.

"ಪಾಸಾದೆನಾ? ನಾಡಿದ್ದು ಸೆಮಿಫೈನಲ್."
"ಮಾರ್ಚಿನಲ್ಲಿ ಹೊರಗೆ ಹೋಗಿ ಏನಂದೆ, ನೆನಪಿದೆಯಾ?"
ಕದ್ದವನ ಕಣ್ಣು ಅಲ್ಲಿ ತಪ್ಪಬೇಕಿತ್ತು.
ಕಾಯುತ್ತಿದ್ದೆ, ತಪ್ಪಲೆಂದು ಬೇಡುತ್ತಲೂ ಇದ್ದೆ.
ನೆಟ್ಟಗೆ ನನ್ನನ್ನೇ ನೋಡಿದ:
"ಮಾರ್ಚಿನಲ್ಲಿ ನಾನಿಲ್ಲಿಗೆ ಬಂದಿದ್ದೆನಾ?"

ಹಸಿರಿನ ಮೇಲೆ ಪೆನ್ನಿನ ಗೆರೆ ಎಳೆದೆ.
ಮಾರ್ಚಿನ ಅಂಕ ಹೊಡೆದು ಪಕ್ಕದಲ್ಲಿ ಬರೆದೆ:
ಐದಕ್ಕೆ ಐದು.
ಹೇಳಿದ ಜಾಗ: ಕಾರಿಡಾರು.
ಕೇಳಿಸಿಕೊಂಡವಳು:
ಅಲ್ಲಿ ನನ್ನ ಸಹಿ, ನಾಲ್ಕು ತಿಂಗಳು ತಡವಾಗಿ.

ಎದ್ದವನು ಬಾಗಿಲೆಂದು ಬೀರುವಿನ ಹಿಡಿ ತಿರುಗಿಸುತ್ತಿದ್ದ.
ಆಚೆ ನೆಲದ ಮೇಲೆ
ಗಂಬೂಟು ಎದ್ದು ನಿಂತ ಸದ್ದು.