ಆರು ಹಂಚು

ಖಾಲಿ ಸೈಕಲ್ ಸುಳ್ಳು ಹೇಳುತ್ತದೆ ಬಾಯಮ್ಮ,
ಎಂದ ಬಂದರಿನ ಇದಿನಬ್ಬ,
ಸ್ಪೋಕುಗಳನ್ನು ಒಂದೊಂದೇ ಮೀಟಿ ಕಿವಿಗೊಟ್ಟು.
ನವೆಂಬರಿನಲ್ಲಿ ಹೊರುವುದನ್ನು
ಮೇ ತಿಂಗಳಲ್ಲೇ ಹೊತ್ತು ನೋಡಿ.

ಡೇರೆ ಕೊಂಡಿಲ್ಲ ಇನ್ನೂ, ಒಲೆ ಕೊಂಡಿಲ್ಲ.
ಜೆಪ್ಪುವಿನ ಮನೆಯ ಹಿಂದೆ ಬಚ್ಚಲ ಗೋಡೆಗೊರಗಿ
ಆರು ಹಂಚು ಇದ್ದವು,
ಮಾಡು ತೆಗೆದು ತಾರಸಿ ಹಾಕಿಸಿದ ವರ್ಷ ಮಿಕ್ಕವು.
ಬೆನ್ನ ಮೇಲೆ ಕಾರ್ಖಾನೆಯ ಅರ್ಧ ಹೆಸರು,
ಉಳಿದರ್ಧ ಪಾಚಿ.
ಒಂದೊಂದೂ ಎರಡೂಕಾಲು ಕಿಲೋ.
ಎಡಕ್ಕೆ ಮೂರು, ಬಲಕ್ಕೆ ಮೂರು,
ಸದ್ದಾಗದಂತೆ ನಡುವೆ ಹಳೆಯ ನೈಟಿ.

ಐದೂವರೆಗೆ ಪಂಪ್‌ವೆಲ್. ಮೀನಿನ ಲಾರಿ ಚೆಲ್ಲಿದ ನೀರು
ಇನ್ನೂ ಆರಿಲ್ಲ.
ನಂತೂರಿಗೆ ಏರುವಾಗ ಗೊತ್ತಾಯಿತು
ನನ್ನ ಹಿಂದೆ ಯಾರೋ ಕೂತಿದ್ದಾರೆ,
ಮಾತಾಡದವರು, ಇಳಿಯದವರು,
ಎದ್ದು ತುಳಿದರೆ ಆಚೀಚೆ ವಾಲಿ
ಕೂತುಕೋ ಎನ್ನುವವರು.
ಕೂತೆ. ಸಣ್ಣ ಗೇರು. ಇನ್ನೂ ಸಣ್ಣದು. ಇನ್ನಿಲ್ಲ.
ಬಿಕರ್ನಕಟ್ಟೆಯಲ್ಲಿ ಪೇಪರಿನ ಹುಡುಗ
ಒಂದೇ ಕೈಯಲ್ಲಿ ಸೈಕಲ್ ಹಿಡಿದು ನನ್ನ ದಾಟಿದ,
ತಿರುಗಿ ನಕ್ಕ,
ಹಂಚಿಗೋ ನನಗೋ.

ಐವತ್ತೆರಡು ವರ್ಷ. ಲ್ಯಾಬಿನಲ್ಲಿ ಇಪ್ಪತ್ತೆಂಟು.
ಊರವರ ರಕ್ತವನ್ನೆಲ್ಲ ಸೂಜಿಯಲ್ಲಿ ಎಳೆದವಳಿಗೆ
ತನ್ನ ರಕ್ತ ಕಿವಿಯಲ್ಲಿ ಕುಟ್ಟುವುದು ಕೇಳಿದ್ದು
ಕುಲಶೇಖರದಲ್ಲಿ.
ಎಲ್ಲಿಗೆ ಎಂದವರಿಗೆ ಧನುಷ್ಕೋಡಿ ಅಂದಿದ್ದೇನೆ.
ಯಾಕೆ ಎಂದವರಿಗೆ ದಿನಕ್ಕೊಂದು ಉತ್ತರ:
ಮಂಡಿನೋವಿಗೆ, ಹರಕೆಗೆ, ಸುಮ್ಮನೆ.
ಹರಕೆ ಎಂದರೆ ಮುಂದೆ ಕೇಳುವುದಿಲ್ಲ ಯಾರೂ.

ವಾಮಂಜೂರು ಕಳೆದು ಗುರುಪುರಕ್ಕೆ ಇಳಿಜಾರು.
ಅಲ್ಲಿಯವರೆಗೆ ಹಿಂದಕ್ಕೆ ಜಗ್ಗಿದ್ದೇ
ಈಗ ಮುಂದಕ್ಕೆ ನೂಕಿತು.
ರಬ್ಬರು ಸುಟ್ಟ ವಾಸನೆ. ತಿರುವಿನಲ್ಲಿ
ಹೊಳೆ ಒಮ್ಮೆ ಕಂಡು, ಮತ್ತೆ ಲಾರಿಯ ಬೆನ್ನು.
ಸೇತುವೆಯ ಈಚೆ ನಿಲ್ಲಿಸಿದಾಗ ಕೈ ನಡುಗುತ್ತಿತ್ತು.

ಹಂಚು ಮಾರ್ಲಿಕ್ಕುಂಟಾ?
ಬೀಡಿಯ ಗೆರಸೆ ಸೊಂಟಕ್ಕಾನಿಸಿ ನಿಂತಿದ್ದಳು ಮುದುಕಿ.
ಹೆಸರು ಆಮೇಲೆ ಹೇಳಿದಳು, ಕೊರಪೊಳು.
ಇಲ್ಲ, ಎಂದೆ.
ಮತ್ತೆ ಎಲ್ಲಿಗೆ ಕೊಂಡುಹೋಗುವುದು?
ಎಲ್ಲಿಗೂ ಇಲ್ಲ. ಇಲ್ಲಿಯವರೆಗೆ ತಂದು ವಾಪಸ್ ಮನೆಗೆ.
ಅವಳು ನನ್ನನ್ನು ನೋಡಲಿಲ್ಲ. ಹಂಚನ್ನು
ಬೆರಳ ಗೆಣ್ಣಿನಿಂದ ತಟ್ಟಿದಳು. ಠಣ್.
ಈಗಿನದ್ದು ಹೀಗೆ ಮಾತಾಡುವುದಿಲ್ಲ.
ಒಲೆಯ ನೇರ ಮೇಲೆ ಎರಡು ಒಡೆದುಹೋಗಿದೆ, ಮಂಗ ಹಾರಿ.
ಪತ್ತನಾಜೆಗೆ ಇನ್ನೆಷ್ಟು, ಮೂರು ದಿನ.

ಎಡದ ಚೀಲದಿಂದ ಎರಡು ತೆಗೆದುಕೊಟ್ಟೆ.
ದುಡ್ಡು ಬೇಡ ಎಂದುದಕ್ಕೆ ಸಿಟ್ಟಾಗಿ
ಒಳಗೆ ಹೋಗಿ, ಜಂತಿಗೆ
ತೆಂಗಿನ ಗರಿಯಲ್ಲಿ ಹೆಣೆದು ತೂಗಹಾಕಿದ್ದ
ಸೌತೆಕಾಯಿ ಬಿಚ್ಚಿ ತಂದಳು,
ಹಳದಿ ಗೀರಿನದು. ಒಂದೇ.

ಎಡಕ್ಕೆ ಒಂದು ಹಂಚು, ಒಂದು ಸೌತೆ. ಬಲಕ್ಕೆ ಮೂರು.
ಬಲಕ್ಕೆಳೆವ ಸೈಕಲ್ಲಿಗೆ ಎಡಕ್ಕೆ ವಾಲುವ ನಾನು,
ಜಗಳವಾಡಿ ಮಾತುಬಿಟ್ಟು
ಒಂದೇ ಬಸ್ಸಿನ ಸೀಟಿನಲ್ಲಿ ಕೂತವರ ಹಾಗೆ.
ಅರ್ಧ ಏರಿದ ಮೇಲೆ ಹೊಳೆಯಿತು:
ಬಲದ್ದೊಂದನ್ನು ಎಡಕ್ಕೆ ಇಟ್ಟರಾಗಿತ್ತಲ್ಲ!
ನಿಲ್ಲಲಿಲ್ಲ.
ಆ ಏರಿನಲ್ಲಿ ನಿಂತರೆ ಮತ್ತೆ ಹತ್ತಲಾಗದು.

ಹಂಚು ಹಂಚಿ ಬಂದಿರಾ, ಎಂದು ನಕ್ಕ ಇದಿನಬ್ಬ,
ಹೀಗಾದರೆ ಧನುಷ್ಕೋಡಿಗೆ ಮುಟ್ಟುವುದು ಹ್ಯಾಂಡಲ್ ಮಾತ್ರ.

ಜೂನ್ ಮೊದಲ ಭಾನುವಾರ, ಮತ್ತದೇ ಇಳಿಜಾರು.
ಎರಡು ಕಡೆಗೂ ಎರಡೆರಡು ಹಂಚು,
ಕಳೆದ ತೂಕಕ್ಕೆ ಕಲ್ಲುಪ್ಪಿನ ಪೊಟ್ಟಣ.
ದಾರಿಯಿಂದಲೇ ಕಂಡಿತು ಅವಳ ಮಾಡು:
ಕೆಂಪಿನ ನಡುವೆ ಕಪ್ಪಾದ ಎರಡು,
ಸಂದಿನಿಂದ ಹೊಗೆ ಮಳೆಯೊಳಗೆ ಏಳುತ್ತಾ.
ಬೆಲ್ ಮಾಡಿದೆ. ಯಾರೂ ಹೊರಗೆ ಬರಲಿಲ್ಲ.
ಕಾಲಿಗೆ ಹನಿಯುತ್ತಿದ್ದ ನೀರು ನೆಕ್ಕಿ ನೋಡಿದೆ,
ಉಪ್ಪು.
ಎಡಗಡೆ ಆಗಲೇ ಹಗುರಾಗುತ್ತಿತ್ತು.