ಹಿಕ್ಕಿ

ಪತ್ತಿನ ಸಂಘದ ಕ್ಯಾಲೆಂಡರಿಗೆ ಯಾವ ದೇವರು ಎಂಬ ಜಗಳ
ಮೂರು ಮೀಟಿಂಗು ದಾಟಿ, ಚಹಾ ಮಂಡಕ್ಕಿ ದಾಟಿ,
ಕೊನೆಗೆ ಯಾರದೂ ಬೇಡ ಎಂದಾಯಿತು.
ಅಧ್ಯಕ್ಷರ ಮೊಮ್ಮಗಳು ಮೊಬೈಲಿನಿಂದ ಒಂದು ಚಿತ್ರ ತೆಗೆದಳು:
ನೀಹಾರಿಕೆ.
ದೂರದರ್ಶಕ ಹಿಡಿದದ್ದು, ಯಾವ ಜಾತಿಯದೂ ಅಲ್ಲ.
ಐದು ಸಾವಿರ ಪ್ರತಿ. ಹನ್ನೆರಡು ತಿಂಗಳಿಗೂ ಒಂದೇ ಆಕಾಶ,
ಕೆಳಗೆ ತಿಥಿ, ಅಮಾಸಿ, ಠೇವಣಿಯ ಬಡ್ಡಿದರ.

ನಾನು ಬೆಟಗೇರಿಯ ಪ್ರೆಸ್ಸಿನಲ್ಲಿ ಪ್ಲೇಟು ಮಾಡುವವಳು.
ಹತ್ತೊಂಬತ್ತು ವರ್ಷದಿಂದ ದೇವರುಗಳನ್ನು ನಾಲ್ಕು ಪಾಲು ಮಾಡಿದ್ದೇನೆ,
ನೀಲಿ, ಕೆಂಪು, ಹಳದಿ, ಕಪ್ಪು.
ಕೃಷ್ಣನ ಮೈಗೆ ಎಷ್ಟು ಪರ್ಸೆಂಟು ನೀಲಿ, ಕೇಳಿ, ಹೇಳುತ್ತೇನೆ.
ಹಳದಿ ಪ್ಲೇಟೊಂದನ್ನೇ ಒತ್ತಿದರೆ
ಲಕ್ಷ್ಮಿ ಕಾಮಾಲೆಯಾದ ಹುಡುಗಿ.
ಇದರ ಬಣ್ಣವೂ ಅಲ್ಲಿಯ ಬಣ್ಣವಲ್ಲವಂತೆ, ಮೊಮ್ಮಗಳು ಹೇಳಿದಳು.
ಯಂತ್ರ ಕಳಿಸಿದ್ದು ಕಪ್ಪು ಬಿಳುಪು;
ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು
ಯಾರೋ ಕೂತು ಹಚ್ಚಿದ್ದಂತೆ.
ಹಾಗಾದರೆ ಅಲ್ಲೂ ನನ್ನಂಥವಳೊಬ್ಬಳಿದ್ದಾಳೆ ಅಂದುಕೊಂಡೆ,
ಕನ್ನಡಕ ಒರೆಸುತ್ತ.

ಪ್ರೂಫ್ ನೋಡಲು ಡೈರೆಕ್ಟರುಗಳು ಬಂದರು.
ಪಾಲಾಕ್ಷಯ್ಯನವರ ಕೈ ತಂತಾನೇ ಹಣೆಯ ವಿಭೂತಿಗೆ ಹೋಯಿತು:
“ಮೂರನೇ ಕಣ್ಣು ನೋಡ್ರಿ. ಅರ್ಧಾ ತೆರದೈತಿ.
ಪುಣ್ಯಾ, ಅರ್ಧಾ ಅಷ್ಟ.”
ಜರ್ಮನ್ ಆಸ್ಪತ್ರೆಯಿಂದ ರಿಟೈರಾದ ಸಲೋಮಿ ಸಿಸ್ಟರು ಹಾಳೆ ತಿರುಗಿಸಿ,
“ಹಿಂಗ್ ಹಿಡೀರಿ. ಕೈ ಐತಿ. ಅಂಗೈಯಾಗ ತೂತೂ ಐತಿ.”
ಗಣಪತಸಾ ನೇಕಾರ; ನೂಲು ಸಿಕ್ಕಾಗೇತಿ ಅಂದ.
ತುಸು ತಡೆದು “ತಾಯಿ ಸೆರಗು” ಅಂದ,
ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ.
ಮಶೀನಿನ ಮಾಬುಸಾಬ ಕೈಯ ಮಸಿ ಒರೆಸಿಕೊಳ್ಳುತ್ತ ನಕ್ಕ:
“ನಮ್ಮಲ್ಲಿ ಚಿತ್ರಾನ ಇಲ್ರಿ, ಅಕ್ಕಾರ. ಬರೀ ಬೆಳಕು.”
ಅಷ್ಟಂದವನು ಆ ಹಾಳೆಯನ್ನು ನೆಲಕ್ಕೆ ಬಿಡಲಿಲ್ಲ.

ಮರುದಿನ, ಮೂರು ಸಾವಿರ ದಾಟಿದ ಮೇಲೆ, ಕಂಡಿತು.
ಮೂಲೆಯ ಗಟ್ಟಿ ಕಪ್ಪಿನಲ್ಲಿ ಒಂದು ಚುಕ್ಕಿ, ಸುತ್ತ ಬಿಳಿಯ ಉಂಗುರ.
ಪ್ಲೇಟಿನ ಮೇಲೆ ಧೂಳು ಕೂತರೆ ಹೀಗೇ.
ಪ್ರೆಸ್ಸಿನವರು ಹಿಕ್ಕಿ ಅನ್ನುತ್ತೇವೆ.
ಇಂಗ್ಲಿಷಿನ ಮಾತಂತೆ; ನನಗೆ ಮಾತ್ರ
ಆಡುಗಳು ಹಾದು ಹೋದ ದಾರಿ ಕಾಣುತ್ತದೆ.
ಕೈಮಗ್ಗದ ಎಳೆಯೋ, ಕಪ್ಪತಗುಡ್ಡದ ಕಡೆಯ ಗಾಳಿ ಹೊತ್ತ ಕೆಮ್ಮಣ್ಣೋ,
ನನ್ನದೇ ತಲೆಯ ಹೊಟ್ಟೋ.
“ನಿಲ್ಲಸಲೇನ್ರಿ?” ಅಂದ ಮಾಬುಸಾಬ.

ಅಷ್ಟರಲ್ಲಿ ಪಾಲಾಕ್ಷಯ್ಯನವರು, ಬಿಲ್ಲು ಕೇಳಲು ಬಂದವರು,
ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದಿದ್ದರು.
ಬೆರಳು ಕಣ್ಣನ್ನು ದಾಟಿತು, ನೀಲಿ ಹೊಗೆಯನ್ನು ದಾಟಿತು,
ನೇರ ಹಿಕ್ಕಿಯ ಮೇಲೆ ನಿಂತಿತು.
“ಉಳಿದದ್ದು ಬಿಡ್ರಿ, ಬರೀ ಧಗಧಗ.
ಇದು. ಇದೊಂದು ಒಂಟಿ ಐತಲ್ಲ…”
ಶ್ರಾವಣದಲ್ಲಿ ಹೆಂಡತಿಗೆ ಮಣ್ಣು ಕೊಟ್ಟು ಬಂದ ಮನುಷ್ಯ.
ನಾನು ಬಾಯಿ ತೆರೆದೆ.
ಮಾಬುಸಾಬ ನನ್ನ ಕಡೆ ನೋಡಿದ.
ಮಶೀನು ಓಡುತ್ತಲೇ ಇತ್ತು.

ಇನ್ನೊಂದು ಮಾತಿದೆ, ಅದನ್ನೂ ಯಾರಿಗೂ ಹೇಳಿಲ್ಲ.
ನಕ್ಷತ್ರಕ್ಕೆಂದು ನಮ್ಮಲ್ಲಿ ಮಸಿಯಿಲ್ಲ.
ನಾಲ್ಕೂ ಪ್ಲೇಟು ಸೇರಿ ಒತ್ತುವುದು ಕತ್ತಲನ್ನೇ;
ಬೆಳಕೆಂದರೆ ಯಾರೂ ಮುಟ್ಟದೆ ಬಿಟ್ಟ ಕಾಗದ.
ಕಣ್ಣು, ಕೈ, ಸೆರಗು ಎಲ್ಲ ಮಸಿಯಲ್ಲಿ ಬಂದವು.
ಧೂಳು ಅಡ್ಡ ಕೂತಲ್ಲಿ
ಬಯಲು ಇಣುಕಿತು.

ಹಾಲಿನ ಲೆಕ್ಕ ಬರೆಯಲು ನಾನೂ ಒಂದು ತಂದಿದ್ದೇನೆ,
ಹಿಕ್ಕಿ ಇದ್ದದ್ದನ್ನೇ ಹುಡುಕಿ.
ಗ್ಯಾಸಿನ ಪಕ್ಕದ ಮೊಳೆಗೆ ತೂಗುತ್ತದೆ, ಒಗ್ಗರಣೆಯ ಜಿಡ್ಡು ಹಿಡಿಯುತ್ತಿದೆ.
ಅರ್ಧ ಲೀಟರು ಎಂದು ಬರೆದ ಕೈ
ಒಮ್ಮೊಮ್ಮೆ ಮೂಲೆಯ ತನಕ ಹೋಗಿ, ಹೆಬ್ಬೆರಳಿನಿಂದ
ಒರೆಸಿ ನೋಡುತ್ತದೆ.
ಹೋಗುವುದಿಲ್ಲ.
ಹೋಗುವುದಿಲ್ಲ ಎಂದು ಗೊತ್ತಿದ್ದೇ ಒರೆಸುತ್ತೇನೇನೋ.