ಚಳಿಗಾಲದ ಟೈರು

ರಾತ್ರಿ ಎರಡಕ್ಕೇ ಏಳುತ್ತದೆ ಮಂಡಕ್ಕಿ ಭಟ್ಟಿ.
ನೆನೆದ ಭತ್ತ, ಉಪ್ಪುನೀರು, ಕಾದ ಹೊಳೆಮರಳು.
ಒಲೆಯ ಬಾಯಿಗೆ ಮೊದಲು ಹೊಟ್ಟು, ಆಮೇಲೆ
ತುಂಡು ಮಾಡಿದ ಟೈರು.
ದಾವಣಗೆರೆಯ ಈ ಕಡೆ ಬೆಳಗಾಗುವುದು
ಕೋಳಿ ಕೂಗಿ ಅಲ್ಲ, ಖುತೇಜಾಬಿ ಕೆಮ್ಮಿ.

ನಾನು ಲೆಕ್ಕ ಬರೆಯುವವಳು.
ಕೊಟ್ರೇಶಿ ಸರ್ ಕಟ್ಟಿದ ಸಂಸ್ಥೆಯಲ್ಲಿ ಹನ್ನೊಂದು ವರ್ಷ.
ಬಾಡಿಗೆಯ ಎರಡು ಕೋಣೆ, ಒಂದು ಪ್ರಿಂಟರ್,
ಗೋಡೆಗೆ ನೀಲಿ ಬಾವುಟ, ಹನ್ನೆರಡು ಹಳದಿ ನಕ್ಷತ್ರ,
ಎಷ್ಟು ಸೆಂಟಿಮೀಟರ್ ಇರಬೇಕೆಂದು
ಒಪ್ಪಂದದ ನಾಲ್ಕನೇ ಅನುಬಂಧದಲ್ಲಿದೆ.
ದುಡ್ಡು ಬ್ರಸೆಲ್ಸಿನಿಂದ ಹೊರಟು
ದೆಹಲಿಯ ಬ್ಯಾಂಕಿನಲ್ಲಿ ಇಳಿದು
ಯಾಕೆ ಬಂದೆ, ಯಾರಿಗೆ ಬಂದೆ
ಎಂದವರಿಗೆಲ್ಲ ಉತ್ತರ ಕೊಟ್ಟು ಸುಸ್ತಾಗಿ
ಪಿ.ಬಿ. ರಸ್ತೆ ಮುಟ್ಟುವಷ್ಟರಲ್ಲಿ
ಇಲ್ಲಿ ಒಂದು ಮಳೆಗಾಲ ಮುಗಿದಿರುತ್ತದೆ.

ಯೋಜನೆಯ ಹೆಸರು 'ಶುದ್ಧ ಉಸಿರು'.
ನಲವತ್ತು ಹೊಗೆಯಿಲ್ಲದ ಭಟ್ಟಿ ಎಂದು ಬರೆದಿದ್ದೆವು.
ಕಟ್ಟಿದ್ದು ಒಂಬತ್ತು. ಉರಿಯುವುದು ಆರು.
ಉಳಿದ ಮೂರರಲ್ಲಿ ದಾದಾಪೀರ್ ಚೀಲ ಪೇರಿಸಿದ್ದಾನೆ.
ಅವನ್ನು 'ಬಹುಬಳಕೆ ಘಟಕ' ಎಂದು
ವರದಿಯಲ್ಲಿ ಬರೆದವಳು ನಾನೇ.

ಫೆಬ್ರುವರಿಯಲ್ಲಿ ಬಂದರು ಆನೆಲೀಸ್ ಮೇಡಂ.
ಸೀರೆ ಉಡಲಿಲ್ಲ, ಹಣೆಗೆ ಇಟ್ಟುಕೊಳ್ಳಲಿಲ್ಲ,
ಮೊದಲ ನೋಟಕ್ಕೇ ಇಷ್ಟವಾದರು.
ಚಾಪೆಯ ಮೇಲೆ ಕೂತು ಖಾರಮಂಡಕ್ಕಿ ತಿಂದು
ಮೆಣಸಿನಕಾಯಿ ಕಚ್ಚಿ, ಕಣ್ಣೊರೆಸಿಕೊಂಡು, ಇನ್ನೊಂದು ಕೇಳಿದರು.
ಹಕ್ಕು ಅಂದರು, ಸಹಭಾಗಿತ್ವ ಅಂದರು,
ದಾನ ಅನ್ನಬೇಡಿ, ಆ ಪದ ನಾವು ಬಿಟ್ಟಿದ್ದೇವೆ ಅಂದರು.
ಖುತೇಜಾಬಿ ನನ್ನ ಕಿವಿಯಲ್ಲಿ:
'ಬಿಟ್ಟಿದ್ನ ಯಾರು ಎತ್ಕಂಡ್ರಂತೆ?'

ಆಗಲೇ ಓಣಿಯಲ್ಲಿ ಟೈರು ಉರುಳಿಸುತ್ತ ಬಂದ ತಬ್ರೇಜ್.
ಶಾಲೆ ಬಿಟ್ಟವನಲ್ಲ, ಶಾಲೆ ಬಿಟ್ಟ ಮೇಲೆ ಬಂದವನು
(ನನ್ನ ಕೋಷ್ಟಕದಲ್ಲಿ ಇವೆರಡಕ್ಕೆ ಬೇರೆ ಬೇರೆ ಸಾಲು).
ಟೈರು ತಿರುಗಿ ತಿರುಗಿ ಅವರ ಕಾಲ ಬಳಿ ಮಲಗಿತು.
ಬದಿಯಲ್ಲಿ ಮೂರು ಶಿಖರದ ಬೆಟ್ಟ,
ಬೆಟ್ಟದೊಳಗೆ ಆರೆಸಳಿನ ಒಂದು ಹೂವು.
'ಏನ್ರೀ ಇದು, ದೇವ್ರ ಗುರ್ತಾ?'
ಮೇಡಂ ಹೇಳಿದ್ದನ್ನು ಅನುವಾದಿಸಿದೆ:
ಚಳಿಗಾಲದ ಟೈರು. ಹಿಮದ ಮೇಲೆ ಜಾರದಿರಲೆಂದು.
ಭಟ್ಟಿಸಾಲಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು,
ಬೆವರು ಇಳಿಯುವಷ್ಟು.
ಆನೆಲೀಸ್ ಬೆರಳಿಂದ ಮಸಿ ಒರೆಸಿ
ಕೆಳಗಿನ ಸಣ್ಣಕ್ಷರ ಓದುತ್ತಿದ್ದರು,
ತವರಿನಿಂದ ಬಂದ ಕಾಗದ ಓದುವವರ ಹಾಗೆ,
ಎರಡು ಸಲ.

ಹಡಗಿನಲ್ಲಿ ಬಂದದ್ದಕ್ಕೆ ಯಾರೂ ಕೇಳಿರಲಿಲ್ಲ
ಯಾಕೆ ಬಂದೆ, ಯಾರಿಗೆ ಬಂದೆ.
ಗುಜರಿಗೆ ಅನುಬಂಧವಿಲ್ಲ, ನಕ್ಷತ್ರದ ಅಳತೆಯಿಲ್ಲ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು,
ಖುತೇಜಾಬಿಯ ಹಜರತರೂ ಹೇಳಿದ್ದು ಅದೇ, ನಮ್ಮಜ್ಜಿಯೂ ಅದೇ.
ಎಡಗೈ ತಳ್ಳಿದ್ದು ಬಲಗೈಗೆ ತಿಳಿಯದಿದ್ದರೆ
ಏನನ್ನಬೇಕೆಂದು ಇಬ್ಬರೂ ಹೇಳಿಲ್ಲ.

ಕಾರು ಹತ್ತುವ ಮುಂಚೆ ಕೇಳಿದರು, ಮೆಲ್ಲಗೆ:
'ಇದನ್ನು ವರದಿಯಲ್ಲಿ ಬರೆಯುತ್ತೀರಾ?'
ಬರೆ ಎಂದರೋ ಬೇಡ ಎಂದರೋ,
ಹನ್ನೊಂದು ವರ್ಷದ ನನ್ನ ಇಂಗ್ಲಿಷಿಗೆ ತಿಳಿಯಲಿಲ್ಲ.
ಕೊಟ್ರೇಶಿ ಸರ್ ಚಪ್ಪಲಿ ನೋಡಿಕೊಂಡರು.
ಎರಡನೇ ಹಂತದ ಕಂತು ಬಾಕಿಯಿದೆ.
ನನ್ನ ಎರಡು ತಿಂಗಳ ಸಂಬಳವೂ.

ಈಗ ಕೊನೆಯ ಕಾಲಂ: 'ಊಹೆಗಳು ಮತ್ತು ಅಪಾಯಗಳು'.
ಹೋದ ವರ್ಷ 'ಸಕಾಲಕ್ಕೆ ಮಳೆಯಾಗುತ್ತದೆ' ಎಂದು ತುಂಬಿದ್ದೆ.
ಈ ಸಲ ಬೆರಳು ತಾನಾಗಿ ಒತ್ತಿತು:
ಅಪಾಯ: ನಿಮ್ಮ ಚಳಿಗಾಲ.
ಅಳಿಸಿಲ್ಲ. ಕಳಿಸಿಯೂ ಇಲ್ಲ.

ಎರಡು ಗಂಟೆ.
ಆಚೆ ಯಾರೋ ಒಲೆ ಹಚ್ಚಿದರು.
ಕಿಟಕಿ ಮುಚ್ಚಿದ್ದರೂ ಗೊತ್ತಾಗುತ್ತದೆ ನನಗೆ,
ಹೊಟ್ಟಲ್ಲ.